ತುಳಸಿಕುಂಡದ ತಟ್ಟೆ

ದೆಹಲಿಯ ಸರಕಾರಿ ವಸತಿಗೃಹಗಳಲ್ಲಿ ಬಾಳುವ ನಮ್ಮಂಥವರ ಬಾಗಿಲನ್ನು ಮಳೆಗಾಲ ಹಿಡಿದಾಗಿನಿಂದ ನವೆಂಬರ್‌ವರೆಗೆ ಒಬ್ಬ ವ್ಯಕ್ತಿ ಮತ್ತೆ ಮತ್ತೆ ತಟ್ಟುತ್ತಾನೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಟಾರ್ಚು, ಕಂಕುಳಲ್ಲೊಂದು ರಿಜಿಸ್ಟರು. ಕಡತಗಳಲ್ಲಿ ಆತನ ಹುದ್ದೆಗೆ ಆಗ ಇದ್ದ ಹೆಸರು ‘ಡೊಮೆಸ್ಟಿಕ್ ಬ್ರೀಡಿಂಗ್ ಚೆಕರ್’. ನಮ್ಮ ಕಾಲೊನಿಯ ಬಾಯಲ್ಲಿ ‘ಮಚ್ಛರ್‌ವಾಲಾ’. ಮನೆಮನೆಗೆ ಹೋಗಿ, ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳಿವೆಯೇ ಎಂದು ನೋಡುವುದು, ಇದ್ದರೆ ಚೆಲ್ಲಿಸುವುದು, ಇಲ್ಲದಿದ್ದರೂ ನಾಲ್ಕು ತಿಳಿವಳಿಕೆಯ ಮಾತು ಹೇಳುವುದು ಆತನ ಕೆಲಸ. 1996ರಲ್ಲಿ ಈ ನಗರ ಕಂಡ ಡೆಂಗಿಯ ಹಾವಳಿಯಲ್ಲಿ ರೋಗಿಗಳ ಸಂಖ್ಯೆ 10,000ವನ್ನು ದಾಟಿತ್ತು. 400ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಅಂಥದು ಮರುಕಳಿಸದಿರಲಿ ಎಂದೇ ಈ ತಿರುಗಾಟ.

ನಮ್ಮ ಮನೆಯಲ್ಲಿ ಗಂಡಹೆಂಡಿರಿಬ್ಬರೂ ನೌಕರರು. ವಾರದ ದಿನಗಳಲ್ಲಿ ಆತನಿಗೆ ಸಿಗುತ್ತಿದ್ದುದು ನಮ್ಮ ಬೀಗ. ಅದಕ್ಕಾಗಿ ಶನಿವಾರ ಬರುತ್ತಿದ್ದ. “ಸಾಬ್‌ಜಿ, ಒಂದು ನಿಮಿಷ ಒಳಗೆ ನೋಡಿ ಹೋಗಲೇ?” ಎಂದು ಅವನ ಹಿಂದಿಯಲ್ಲಿ ಕೇಳುತ್ತಿದ್ದ. “ಕೂಲರ್ ಒಣಗಿಸಿಟ್ಟಿದ್ದೇವೆ ಭಾಯಿ, ಬೇರೆಲ್ಲೂ ನೀರು ನಿಲ್ಲುವುದಿಲ್ಲ” ಎಂದು ನಾವು ಜಾಲರಿ ಬಾಗಿಲಿನ ಒಳಗಿನಿಂದಲೇ ಉತ್ತರಿಸುತ್ತಿದ್ದೆವು. ಸುಳ್ಳು ಹೇಳುತ್ತಿದ್ದೇವೆಂದು ನಮಗೆ ಅನಿಸಿರಲಿಲ್ಲ. ಓದಿದವರ ಮನೆ, ದಿನವೂ ಗುಡಿಸಿ ಒರೆಸುವ ಮನೆ. ಸೊಳ್ಳೆ ಹುಟ್ಟುವುದು ಚರಂಡಿಯಲ್ಲಿ, ಬಡವರ ಬಸ್ತಿಯಲ್ಲಿ ಎಂಬ ಭಾವನೆ ಎಲ್ಲೋ ಒಳಗೆ ಕುಳಿತಿತ್ತು. ಬಾಗಿಲನ್ನು ಕೈ ತೂರುವಷ್ಟು ತೆರೆದು ರಿಜಿಸ್ಟರಿನಲ್ಲಿ ಸಹಿ ಹಾಕಿ ಕಳುಹಿಸುತ್ತಿದ್ದೆವು. ಸಹಿ ಬಿದ್ದ ಮೇಲೆ ಕೆಲಸ ಮುಗಿಯಿತು ಎಂಬುದು ನಮ್ಮ ಕಚೇರಿಗಳು ಕಲಿಸಿದ ಸಂಸ್ಕಾರ.

ಆ ಸೆಪ್ಟೆಂಬರಿನಲ್ಲಿ ಹನ್ನೊಂದು ವರ್ಷದ ಮಗಳಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಕೈಯೆಲ್ಲ ಮುರಿದಂತೆ. ಮೂರನೆಯ ದಿನ ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ನಾವು ಪ್ಲೇಟ್‌ಲೆಟ್ ಎಣಿಕೆ, ಪಪ್ಪಾಯಿ ಎಲೆಯ ರಸ ಎಂದು ಗಾಬರಿಯಿಂದ ಕೇಳತೊಡಗಿದಾಗ ಡಿಸ್ಪೆನ್ಸರಿಯ ಹಿರಿಯ ನರ್ಸಮ್ಮ ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೂಡದು. ನೀರು, ಗಂಜಿ, ಎಳನೀರು ಹೊಟ್ಟೆಗೆ ಹೋಗುತ್ತಿರಲಿ. ಹಗಲಿನಲ್ಲೂ ಸೊಳ್ಳೆಪರದೆಯೊಳಗೇ ಮಲಗಿಸಿ; ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮಗುವನ್ನು ಕಚ್ಚಿದ ಸೊಳ್ಳೆ ನಾಳೆ ನೆರೆಯವರಿಗೆ ರೋಗ ಒಯ್ಯುತ್ತದೆ. ಕೊನೆಯದಾಗಿ, ಜ್ವರ ಬಿಟ್ಟ ಕೂಡಲೇ ಗೆದ್ದೆವೆಂದುಕೊಳ್ಳಬೇಡಿ. ಅಪಾಯ ಶುರುವಾಗುವುದು ಆಗಲೇ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ.

ಐದನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಊರಿಗೆ ಫೋನು ಮಾಡಿ ತಿಳಿಸಿದೆವು. ತಿಳಿಸಾರು, ಮೆತ್ತಗಿನ ಅನ್ನ ಉಣ್ಣಿಸಿದೆವು. ಸಂಜೆಗೆ ಹೊಟ್ಟೆನೋವು, ಒಂದರ ಹಿಂದೊಂದು ವಾಂತಿ. ಬೇರೆ ಸಮಯದಲ್ಲಾಗಿದ್ದರೆ ಸಾರಿನ ಮೇಲೆ ತಪ್ಪು ಹೊರಿಸಿ, ಓಮದ ನೀರು ಕುಡಿಸಿ ಮಲಗಿಸುತ್ತಿದ್ದೆವು. ನರ್ಸಮ್ಮನ ಮಾತು ಕಿವಿಯಲ್ಲಿತ್ತು, ಹೊರಟೆವು. ರಕ್ತನಾಳಗಳಿಂದ ದ್ರವ ಸೋರಲು ಆರಂಭವಾಗಿದೆ ಎಂದು ವೈದ್ಯರು ಹೇಳಿದರು. ಡೆಂಗಿಯ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಸಲೈನ್ ಅಳೆದು ಕೊಡುತ್ತ ಕಾಯುವುದೇ ಚಿಕಿತ್ಸೆ. “ಇಷ್ಟು ಬೇಗ ಕರೆತರಲು ನಿಮಗೆ ಹೇಳಿದವರು ಯಾರು?” ಎಂದು ವೈದ್ಯರು ಕೇಳಿದರು. ಹೇಳಿದೆವು. ನಾಲ್ಕು ದಿನಗಳಲ್ಲಿ ಮಗಳು ಮನೆಗೆ ಬಂದಳು.

ಮರುಶನಿವಾರ ಬಾಗಿಲು ತಟ್ಟಿದ ಸದ್ದಾದಾಗ ಪೂರ್ತಿ ತೆರೆದೆವು. ಆತ ಮೊದಲು ಕೂಲರನ್ನು ನೋಡಿದ, ಬಳಿಕ ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ನೋಡಿದ, ಅನಂತರ ಬಾಲ್ಕನಿಗೆ ನಡೆದ. ಅಲ್ಲಿ ನಮ್ಮ ತುಳಸಿಕುಂಡವಿತ್ತು. ನಾವು ಹಾಕುವ ನೀರು ಸೋರಿ, ಕೆಳಮಹಡಿಯ ಬಂಗಾಳಿ ಅಮ್ಮ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆಂದು ಅದರ ಅಡಿಗೆ ಒಂದು ತಟ್ಟೆ ಇಟ್ಟಿದ್ದೆವು. ಆತ ಕುಂಡ ಎತ್ತಿ, ತಟ್ಟೆಯ ನೀರನ್ನು ಬಿಳಿಯ ಬಟ್ಟಲಿಗೆ ಸುರಿದು ಟಾರ್ಚು ಹಿಡಿದ. ದಾರದ ಎಳೆಗಳಂಥವು ಬಾಗಿ, ನೆಟ್ಟಗಾಗಿ, ಮೇಲೆ ಕೆಳಗೆ ಆಡುತ್ತಿದ್ದವು. ದಿನವೂ ದೀಪವಿಡುವ ಜಾಗ.

ಆತ ಗದರಲಿಲ್ಲ. ಈ ಸೊಳ್ಳೆಗೆ ಬೇಕಾದದ್ದು ತಿಳಿನೀರು. ಮೊಟ್ಟೆ ಇಡುವುದು ನೀರಿನಂಚಿನ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕಿದ್ದು ಮತ್ತೆ ನೀರು ಸೋಕಿದಾಗ ಒಡೆಯುತ್ತದೆ. ಆದ್ದರಿಂದ ತಿಕ್ಕಿ ತೊಳೆಯಬೇಕು. ಮೊಟ್ಟೆ ಸೊಳ್ಳೆಯಾಗಲು ಈ ಸೆಕೆಯಲ್ಲಿ ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ತಪ್ಪಬಾರದು. ಇಷ್ಟನ್ನೂ ಎಷ್ಟು ಬಾಗಿಲುಗಳಲ್ಲಿ ಎಷ್ಟು ಸಲ ಹೇಳಿದ್ದನೋ! ಹಿಂದಿನ ವಾರಗಳ ಪುಟ ತೋರಿಸು ಎಂದು ಕೇಳಿದೆವು. ನಮ್ಮ ಮನೆಯ ಸಂಖ್ಯೆಯ ಎದುರು ಸಾಲಾಗಿ ಸೊನ್ನೆಗಳು. ಪಕ್ಕದಲ್ಲಿ ನಮ್ಮದೇ ಸಹಿ. ಕಚೇರಿಯಲ್ಲಿ ಇದನ್ನು ‘ನಿಲ್ ರಿಪೋರ್ಟ್’ ಎನ್ನುತ್ತೇವೆ. ನೋಡದೆ ಬರೆಸಿದ ಸೊನ್ನೆ ಎಂಥದೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಆ ಪುಟ ನೋಡುವಾಗ ಊರ ಮನೆಯ ಗೋಡೆ ನೆನಪಾಯಿತು. ನಾವಿಬ್ಬರೂ ಚಿತ್ರದುರ್ಗದ ಸೀಮೆಯವರು. ಎಂಬತ್ತರ ದಶಕದಲ್ಲಿ ‘ಮಲೇರಿಯಾದವರು’ ಬಂದು, ಜ್ವರ ಇದ್ದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಓದು ಬಾರದ ಅಜ್ಜಿ ಗೊಣಗುತ್ತಲೇ ಹಂಡೆಯ ಮುಚ್ಚಳ ತೆಗೆದು ತೋರಿಸುತ್ತಿದ್ದಳು, ಹೋಗುವಾಗ ಮಜ್ಜಿಗೆ ಕೊಡುತ್ತಿದ್ದಳು. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿಗೆ ಮಲೇರಿಯಾ, ಸುಮಾರು 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾಗಿ, ಅರವತ್ತರ ದಶಕದ ನಡುವಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ರೋಗ ಹೋಯಿತೆಂಬ ನೆಮ್ಮದಿಯಲ್ಲಿ ಕಾವಲು ಸಡಿಲಾಯಿತು, ಸೊಳ್ಳೆಗಳೂ ಕೀಟನಾಶಕಕ್ಕೆ ಒಗ್ಗಿಕೊಂಡವು. 1976ರಲ್ಲಿ ಮತ್ತೆ 64 ಲಕ್ಷ ಮಂದಿಗೆ ಮಲೇರಿಯಾ. ಇಳಿಸಿದವರು ಮನೆಮನೆಗೆ ನಡೆದವರು. ಅವರು ಕೆಲಸ ಮಾಡಿದ್ದಕ್ಕೆ ಗುರುತಾಗಿ ಉಳಿಯುವುದು ಬಾರದೆ ಹೋದ ಜ್ವರ. ಅದನ್ನು ಯಾರೂ ಕಾಣುವುದಿಲ್ಲ. ಆಸ್ಪತ್ರೆಯಿಂದ ಮಗಳನ್ನು ಕರೆತರುವಾಗ ವೈದ್ಯರಿಗೆ ಕೈಮುಗಿದು ಬಂದೆವು. ಬಾಗಿಲಲ್ಲಿ ನಿಂತವನಿಗೆ ಅಷ್ಟು ವರ್ಷಗಳಲ್ಲಿ ಒಂದು ಲೋಟ ನೀರು ಕೊಟ್ಟ ನೆನಪು ನಮಗಿಲ್ಲ.

ಮೂರು ವಾರ ಕಳೆದು ಕೆಳಮಹಡಿಯ ಬಂಗಾಳಿ ಅಮ್ಮನಿಗೂ ಡೆಂಗಿ ಬಂತು. ಈ ಸೊಳ್ಳೆ ಬಹುದೂರ ಹಾರುವುದಿಲ್ಲ. ಮಗಳ ಜ್ವರದ ಮೊದಲೆರಡು ದಿನ ನಾವು ಪರದೆ ಕಟ್ಟಿರಲಿಲ್ಲ. ನಮ್ಮ ತಟ್ಟೆಯಲ್ಲಿ ಹುಟ್ಟಿದ್ದೇ ಇಳಿದು ಹೋಯಿತೋ, ಬೇರೆಲ್ಲಿಂದಲೋ ಬಂತೋ, ಹೇಳಲು ಬರುವುದಿಲ್ಲ. ಎಪ್ಪತ್ತು ದಾಟಿದ ಆಕೆ ಚೇತರಿಸಿಕೊಂಡ ಮೇಲೆ ಹೋಗಿ ತಟ್ಟೆಯ ವಿಷಯ ಒಪ್ಪಿಕೊಂಡೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಅವನನ್ನು ಒಳಗೆ ಬಿಟ್ಟಿರಲಿಲ್ಲ” ಎಂದರು.

ಈಗ ಭಾನುವಾರದ ಬೆಳಿಗ್ಗೆ ತೊಳೆಯುವ ಕೆಲಸ ಮಗಳದು. ತಟ್ಟೆಯಲ್ಲಿ ಮರಳು ತುಂಬಿದ್ದೇವೆ. ಆತ ಶನಿವಾರ ಬರುತ್ತಾನೆ. ಮೊದಲು ಚಹಾ, ಆಮೇಲೆ ತಪಾಸಣೆ. ಬಾಲ್ಕನಿ, ಫ್ರಿಜ್ಜು, ಕೂಲರು ನೋಡಿ ಮುಗಿಸಿ ಸೊನ್ನೆ ಬರೆಯುತ್ತಾನೆ. ಅದಾದ ಮೇಲೆಯೇ ನಾವು ಸಹಿ ಹಾಕುತ್ತೇವೆ.