ಹಟ್ಟಿಯ ಮೂರನೆಯ ತಂತಿ

ನಮ್ಮ ಮನೆಗೂ ಹಟ್ಟಿಗೂ ನಲವತ್ತು ಹೆಜ್ಜೆಗಳ ಅಂತರ. ಕಾಸರಗೋಡಿನ ಒಳನಾಡಿನಲ್ಲಿ ಅಡಿಕೆತೋಟಗಳ ನಡುವೆ ಬಾಳುವವರಿಗೆ ಈ ಏರ್ಪಾಟು ಹೊಸತಲ್ಲ. ಮನೆ ಒಂದೆಡೆ, ಹಟ್ಟಿ ಇನ್ನೊಂದೆಡೆ, ಕೆರೆಯ ದಂಡೆಯಲ್ಲಿ ಪಂಪುಶೆಡ್ಡು ಮತ್ತೊಂದೆಡೆ. ಹಿರಿಯರು ಬೆಂಕಿಯ ಭಯದಿಂದಲೋ ಶುಚಿತ್ವದ ದೃಷ್ಟಿಯಿಂದಲೋ ಹೀಗೆ ದೂರ ದೂರ ಕಟ್ಟಿಸಿದ್ದಿರಬೇಕು. ವಿದ್ಯುಚ್ಛಕ್ತಿ ಬಂದ ಮೇಲೆ ಆ ನಲವತ್ತು ಹೆಜ್ಜೆಗಳಿಗೆ ಬೇರೊಂದು ಅರ್ಥ ಬಂದಿತೆಂಬುದನ್ನು ನಾವು ಬಹಳ ತಡವಾಗಿ ಅರಿತೆವು.

1998ರಲ್ಲಿ ಹಟ್ಟಿಗೆ ದೀಪ ಹಾಕಿಸಿದೆವು. ವಯರಿಂಗಿಗೆ ಬಂದ ಮುದುಕನು, “ಅಣ್ಣಾ, ಮೂರು ತಂತಿ ಎಳೆಯಬೇಕು; ಹಟ್ಟಿಯ ಬಾಗಿಲಲ್ಲಿ ಒಂದು ಮೇನ್ ಸ್ವಿಚ್ಚೂ ಬೇಕು” ಎಂದನು. ನಾವು ನಕ್ಕೆವು. ಒಂದು ಬಲ್ಬು ಉರಿಯಲು ಎರಡು ತಂತಿ ಸಾಕಲ್ಲವೆ? ಸ್ವಿಚ್ಚು ಮನೆಯೊಳಗೆ ಇದ್ದೇ ಇದೆಯಲ್ಲ? ಅವನು ತಲೆಯಲ್ಲಾಡಿಸಿ, ನಾವು ಹೇಳಿದಂತೆಯೇ ಮಾಡಿ, ಕೂಲಿ ಪಡೆದು ಹೋದನು. ದೀಪ ಹತ್ತಿತು. ನಮ್ಮ ತರ್ಕವೇ ಸರಿಯೆಂದು ತೋರಿತು. ಕೆಲವು ವರ್ಷಗಳಲ್ಲಿ ಅದೇ ಎರಡು ತಂತಿಗಳಿಗೆ ಹುಲ್ಲು ಕತ್ತರಿಸುವ ಯಂತ್ರವೂ ಜೊತೆಗೂಡಿತು.

2009ರ ವೃಷಭಮಾಸದ ಕೊನೆ. ನಮ್ಮ ಗಂಗೆ ಎರಡು ದಿನಗಳಿಂದ ಹಟ್ಟಿಗೆ ನುಗ್ಗಲು ಹಿಂಜರಿಯುತ್ತಿದ್ದಳು. ಕಬ್ಬಿಣದ ಕಂಬಕ್ಕೆ ಕಟ್ಟಿದರೆ ಕಾಲು ಎತ್ತಿ ಎತ್ತಿ ಇಡುವಳು. ಮೂತಿ ತಗಲಿದೊಡನೆ ತಗಡಿನ ಬಾನಿಯಿಂದ ತಲೆ ಹಿಂದೆಗೆಯುವಳು. ದೃಷ್ಟಿಯಾಗಿದೆಯೆಂದು ಅಮ್ಮ ಉಪ್ಪು ಮೆಣಸು ನಿವಾಳಿಸಿದರು. ನಾವು ಒಂದೆರಡು ಏಟು ಕೊಟ್ಟು ಒಳಗೆ ದೂಡಿದೆವು. ಇಂದಿಗೂ ಆ ಏಟಿನ ನೆನಪು ನಮ್ಮ ಕೈಯಲ್ಲಿದೆ. ಗಂಗೆ ತನಗೆ ತಿಳಿದ ಭಾಷೆಯಲ್ಲಿ ನಿಜವನ್ನೇ ನುಡಿಯುತ್ತಿದ್ದಳು.

ಮೂರನೆಯ ದಿನ ಮುಸ್ಸಂಜೆಯಲ್ಲಿ ಮೊದಲ ದೊಡ್ಡ ಮಳೆ ಹೊಡೆಯಿತು. ಹಟ್ಟಿಯಿಂದ ಒಂದೇ ಒಂದು ಕೂಗು. ಓಡಿಹೋಗಿ ನೋಡಿದರೆ ಗಂಗೆ ಕೆಳಗೆ ಬಿದ್ದು ಸೆಟೆದುಕೊಳ್ಳುತ್ತಿದ್ದಾಳೆ. ತಮ್ಮ ಸರಪಳಿಗೆ ಕೈಯೊಡ್ಡಿದ್ದ. “ಮುಟ್ಟಬೇಡವೋ!” ಎಂದು ಅಮ್ಮ ಕೂಗಿ ಅವನ ಅಂಗಿಯನ್ನು ಹಿಡಿದೆಳೆದರು. ನಾವು ಮನೆಯತ್ತ ಓಡಿದೆವು. ಕೆಸರಿನ ನಲವತ್ತು ಹೆಜ್ಜೆ, ಜಗಲಿ, ಚಾವಡಿ, ಕತ್ತಲೆಯ ಮೂಲೆಯಲ್ಲಿ ಅಕ್ಕಿಯ ಪೆಟ್ಟಿಗೆಯ ಹಿಂದೆ ಸ್ವಿಚ್ಚು. ಅದನ್ನು ಇಳಿಸಿ ಮರಳುವಷ್ಟರಲ್ಲಿ ಗಂಗೆ ಇರಲಿಲ್ಲ. ತಮ್ಮ ಇದ್ದ. ಅದು ಅಮ್ಮನ ಪುಣ್ಯ. ನಮ್ಮ ಬುದ್ಧಿಯ ಫಲವಲ್ಲ.

ಮರುದಿನ ಬಂದ ವಯರ್‌ಮನ್ನನು ಛಾವಣಿಯ ತಗಡಿನ ಅಂಚಿಗೆ ತಾಗಿ ತಂತಿಯ ಹೊದಿಕೆ ಸವೆದುದನ್ನು ತೋರಿಸಿದನು. ತಗಡಿನಿಂದ ಕಂಬಕ್ಕೆ, ಕಂಬದಿಂದ ಸರಪಳಿಗೆ ವಿದ್ಯುತ್ತು ಹರಿದಿತ್ತು. ಒದ್ದೆ ನೆಲದ ಮೇಲೆ ನಾಲ್ಕು ಬರಿಗೊರಸುಗಳಲ್ಲಿ ನಿಂತ ಪ್ರಾಣಿ ಅದು. ಮುಂಗಾಲಿಗೂ ಹಿಂಗಾಲಿಗೂ ನಡುವೆ ಬಹಳ ದೂರವಿರುವುದರಿಂದ, ನೆಲದೊಳಗಿನ ವಿದ್ಯುತ್ತೂ ಅದರ ಎದೆಯ ಮಾರ್ಗವಾಗಿ ಹರಿಯಬಲ್ಲದು. ಮನುಷ್ಯನಿಗೆ ಬರಿಯ ಜುಮ್ಮೆನ್ನುವುದು ಹಸುವಿಗೆ ಮರಣವಾಗಬಹುದು.

“ಹಾಗಾದರೆ ಇಲ್ಲೊಂದು ಅರ್ತ್ ಪೈಪು ಹೂತರೆ ಸಾಕಲ್ಲವೆ?” ಎಂದೆವು. ಸಾಲದೆಂದು ಅವನು ಲೆಕ್ಕ ಹೇಳಿದನು. ನಮ್ಮದು ಮುರಕಲ್ಲಿನ ನೆಲ. ಬೇಸಗೆಯಲ್ಲಿ ಒಣಗಿ ವಿದ್ಯುತ್ತಿಗೆ ದಾರಿ ಕೊಡದು. ಆ ಮಾರ್ಗದ ರೋಧ 40 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ ಆರು ಆಂಪಿಯರಿಗಿಂತಲೂ ಕಡಿಮೆ ಹರಿಯುತ್ತದೆ. 10 ಆಂಪಿಯರಿನ ಫ್ಯೂಜು ಕರಗದು; ಕಂಬ ಜೀವಂತವಾಗಿಯೇ ಉಳಿಯುವುದು. ಆದುದರಿಂದ ಹೋಗುವ ವಿದ್ಯುತ್ತನ್ನೂ ಮರಳುವ ವಿದ್ಯುತ್ತನ್ನೂ ತೂಗಿನೋಡುವ ಇ.ಎಲ್.ಸಿ.ಬಿ. ಎಂಬ ಕಾವಲುಗಾರ ಬೇಕು. 30 ಮಿಲಿ ಆಂಪಿಯರು, ಎಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು, ದಾರಿತಪ್ಪಿದರೂ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರೊಂದಿಗೆ ಮನೆಯ ಅರ್ತಿನಿಂದ ಮೂರನೆಯ ತಂತಿ ಬರಬೇಕು. ಹಟ್ಟಿಯ ಬಳಿಯ ಪೈಪು, ಕಂಬ, ತಗಡು, ಯಂತ್ರದ ಮೈ ಎಲ್ಲವನ್ನೂ ಆ ತಂತಿಗೆ ಒಂದಾಗಿ ಬೆಸೆಯಬೇಕು. ನ್ಯೂಟ್ರಲ್ ತಂತಿಯನ್ನು ಮಾತ್ರ ಹಟ್ಟಿಯಲ್ಲಿ ಅರ್ತಿಗೆ ಸೇರಿಸಲೇಕೂಡದು. ದಾರಿಯಲ್ಲೆಲ್ಲಾದರೂ ನ್ಯೂಟ್ರಲ್ ಕಡಿದರೆ, ಯಂತ್ರವನ್ನು ಹಾದುಬಂದ ವಿದ್ಯುತ್ತು ಅದೇ ಬೆಸುಗೆಯಿಂದ ಕಂಬಕ್ಕೆ ಏರುವುದು.

ಕೊನೆಗೆ ಬಾಗಿಲಿನ ಸ್ವಿಚ್ಚು. ಫೇಸನ್ನೂ ನ್ಯೂಟ್ರಲನ್ನೂ ಒಮ್ಮೆಗೇ ಕಡಿಯುವ ಜೋಡಿ ಸ್ವಿಚ್ಚು ಅದು. ಹಟ್ಟಿಯೊಳಗೆ ಕಾಲಿಡದೆಯೇ ಕೈಗೆಟುಕುವಂತೆ, ಮಳೆ ತಾಗದ ಪೆಟ್ಟಿಗೆಯಲ್ಲಿ ಇರಿಸಿದೆವು. ಹನ್ನೊಂದು ವರ್ಷಗಳ ಹಿಂದೆ ಆ ಮುದುಕ ಕೇಳಿದ್ದೂ ಇದನ್ನೇ.

ಪೆಟ್ಟಿಗೆಯ ಮೇಲಿನ ಎಚ್ಚರಿಕೆಯ ಬರಹ ಮಲಯಾಳದಲ್ಲಿತ್ತು. ಅಮ್ಮನಿಗೆ ಆ ಲಿಪಿ ಬಾರದು. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಭಾಷೆಯ ಕುರಿತು ನಾವು ಎಷ್ಟೋ ಸಭೆಗಳನ್ನು ಕಂಡಿದ್ದೇವೆ. ಆದರೆ ಓದಲಾಗದ ಒಂದು ಸಾಲು ಪ್ರಾಣಕ್ಕೇ ಎರವಾಗಬಹುದೆಂದು ಅಂದು ಹಟ್ಟಿಯ ಬಾಗಿಲಲ್ಲಿ ಹೊಳೆಯಿತು. ಬಣ್ಣ ತಂದು ದೊಡ್ಡಕ್ಷರಗಳಲ್ಲಿ ಕನ್ನಡದಲ್ಲಿ ಬರೆದೆವು: “ಮೊದಲು ಇದನ್ನು ಇಳಿಸಿ, ಆಮೇಲೆ ಮುಟ್ಟಿ.” ಕೆಲಸಕ್ಕೆ ಬರುವವರಿಗಾಗಿ ಅದರ ಕೆಳಗೆ ಮಲಯಾಳದಲ್ಲಿಯೂ ಅದನ್ನೇ ಬರೆಸಿದೆವು.

ಈಗ ಪ್ರತಿ ಸಂಕ್ರಮಣದ ಬೆಳಿಗ್ಗೆ ಇ.ಎಲ್.ಸಿ.ಬಿ.ಯ ಪರೀಕ್ಷೆಯ ಗುಂಡಿಯನ್ನು ಒತ್ತುತ್ತೇವೆ. ಟಕ್ಕೆಂದು ಕೆಳಗಿಳಿದರೆ ಕಾವಲುಗಾರ ಎಚ್ಚರವಾಗಿದ್ದಾನೆಂದು ಲೆಕ್ಕ. ಮಕರ, ಕುಂಭ ಮಾಸಗಳಲ್ಲಿ ಅರ್ತಿನ ಗುಂಡಿಗೆ ಎರಡು ಕೊಡ ನೀರು ಹೊಯ್ಯುತ್ತೇವೆ. ನೆರೆಯವರು ಕೆಲವರು ನಗುತ್ತಾರೆ. ನಾವೂ ಒಮ್ಮೆ ನಕ್ಕವರೇ ಆದುದರಿಂದ ಅವರ ಮೇಲೆ ನಮಗೆ ಸಿಟ್ಟಿಲ್ಲ. ಕರೆದು ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ಗಂಗೆಯ ಕಥೆಯನ್ನು ಹೇಳುತ್ತೇವೆ. ಆಮೇಲೆ ಅವರ ಹಟ್ಟಿಗೆ ಎಷ್ಟು ತಂತಿ ಹೋಗಿದೆಯೆಂದು ಕೇಳುತ್ತೇವೆ.