ಡಿಸೆಂಬರಿನ ಮಳೆ ಮತ್ತು ಅಂಗಳದ ಅಡಿಕೆ

ನಮ್ಮ ಕಡೆಯ ಚಳಿಗಾಲದ ಬಗ್ಗೆ ಹೇಳಿದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ ಬಿಡಿ. ಸ್ವೆಟರ್ ಬೇಕಾಗುವ ಚಳಿ ಕಾಸರಗೋಡಿನಲ್ಲಿ ಇಲ್ಲವೇ ಇಲ್ಲ. ವೃಶ್ಚಿಕ ಮಾಸ ಬಂತೆಂದರೆ, ತುಳುವಿನಲ್ಲಿ ಜಾರ್ದೆ ತಿಂಗಳು, ಬೆಳಗಿನ ಜಾವ ಮೂಡು ದಿಕ್ಕಿನಿಂದ ಒಂದು ಒಣಗಾಳಿ ಬೀಸುತ್ತದೆ. ತುಟಿ ಒಡೆಯುತ್ತದೆ. ಅಜ್ಜಂದಿರು ತಲೆಗೆ ಬೈರಾಸು ಸುತ್ತಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಹತ್ತು ಗಂಟೆಯಾಗುವಾಗ ಬಿಸಿಲು ಚುರುಗುಟ್ಟಲು ಶುರು. ನಮ್ಮ ಚಳಿಗಾಲ ಅಂದರೆ ಇಷ್ಟೇ.

ಆದರೆ ಆ ಒಣಗಾಳಿಯ ಬೆಲೆ ನಮಗೆ ಗೊತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನೊಂದಿಗೆ ಬರುವ ಮಳೆ ತಿರುವನಂತಪುರದ ಕಡೆ ಜೋರು, ನಮ್ಮಲ್ಲಿ ಅಷ್ಟಕ್ಕಷ್ಟೆ. ಡಿಸೆಂಬರ್ ಬಂದರೆ ಮಳೆಯ ಲೆಕ್ಕ ಮುಗಿಯಿತು ಎಂದೇ ನಂಬಿಕೆ. ಆ ನಂಬಿಕೆಯ ಮೇಲೆಯೇ ಅಂಗಳ ಕೆತ್ತಿ, ಸೆಗಣಿ ಸಾರಿಸಿ, ಅಡಿಕೆ ಹರಡುವುದು. ಬಯಲಾಟದವರು ಗದ್ದೆಯಲ್ಲಿ ರಂಗಸ್ಥಳ ಕಟ್ಟುವುದೂ ಅದೇ ಧೈರ್ಯದಿಂದ.

ಅಡಿಕೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಮಲೆನಾಡಿನ ಹಾಗೆ ಹಸಿ ಅಡಿಕೆ ಸುಲಿದು ಬೇಯಿಸುವ ಕ್ರಮ ನಮ್ಮಲ್ಲಿ ಕಡಿಮೆ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕುತ್ತೇವೆ. ಚಾಲಿ ಆಗಬೇಕಾದರೆ ಸುಮಾರು ನಲವತ್ತು ದಿನ ಒಳ್ಳೆಯ ಬಿಸಿಲು ಬೇಕು. ನಡುವೆ ಒಂದು ಸಲ ಚೆನ್ನಾಗಿ ನೆನೆದರೆ ಹೊರಗೆ ಬೂಸ್ಟು, ಒಳಗೆ ಕಪ್ಪು. ಸುಲಿಯುವ ತನಕ ಗೊತ್ತೇ ಆಗುವುದಿಲ್ಲ. ಅಂಗಡಿಯಲ್ಲಿ ಅದು ಕರಿಗೋಟಿನ ರಾಶಿಗೆ ಹೋಗುತ್ತದೆ. ವರ್ಷದ ಸಂಪಾದನೆ ಹೀಗೆ ಆಕಾಶದ ಕೆಳಗೆ ಬಿದ್ದುಕೊಂಡಿರುತ್ತದೆ. ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಇದ್ದವರು ಸ್ವಲ್ಪ ನೆಮ್ಮದಿಯಲ್ಲಿರಬಹುದು. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಅದು ಇರುವುದು ಕಡಿಮೆ.

ನಾನು ಹೇಳಹೊರಟದ್ದು 2024ರ ಡಿಸೆಂಬರ್ ಮೊದಲ ವಾರದ ಕಥೆ.

ಏಳನೆಯ ತರಗತಿಗೆ ಹವಾಮಾನದ ಒಂದು ಪುಸ್ತಕ ಇಡಲು ಹೇಳಿದ್ದೆ. ದೊಡ್ಡ ಯೋಜನೆಯೇನಲ್ಲ. ಶಾಲೆಯ ಜಗಲಿಯಲ್ಲಿ ಒಂದು ಉಷ್ಣತಾಮಾಪಕ, ಮನೆಯಲ್ಲಿ ಒಂದೊಂದು ನೇರ ಗೋಡೆಯ ಡಬ್ಬಿ. ಬಾಯಿಯೂ ಬುಡವೂ ಒಂದೇ ಅಗಲವಾಗಿದ್ದರೆ ಸಾಕು, ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಇದನ್ನು ಹೇಳಿದಾಗ ಒಬ್ಬ ಹುಡುಗ, "ದೊಡ್ಡ ಡಬ್ಬಿಗೆ ಹೆಚ್ಚು ಮಳೆ ಬೀಳುವುದಿಲ್ವಾ ಸರ್?" ಅಂತ ಕೇಳಿದ. ಬೀಳುತ್ತದೆ, ಆದರೆ ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಎರಡು ಡಬ್ಬಿ, ಒಂದು ಚೆಂಬು ನೀರು ಇಟ್ಟುಕೊಂಡು ಅರ್ಧ ಪೀರಿಯಡ್ ಅದರಲ್ಲೇ ಹೋಯಿತು.

ಭಾನುವಾರ, ಒಂದನೆಯ ತಾರೀಕು, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇತ್ತು. ಮಕ್ಕಳ ಪುಸ್ತಕದಲ್ಲಿ "ಚಳಿ ಉಂಟು", "ಆಕಾಶ ನೀಲಿ" ಎಂದೇ ಇದೆ. ಸಂಜೆಗೆ ಮೋಡ ಮುಚ್ಚಿತು. ಸೋಮವಾರ ಎದ್ದರೆ ಚಳಿಯೇ ಮಾಯ. ಮೈಯೆಲ್ಲ ಅಂಟು ಅಂಟು, ಏಪ್ರಿಲ್ ತಿಂಗಳ ಸೆಕೆ. ಮೋಡ ಇಲ್ಲದ ರಾತ್ರಿಯಲ್ಲಿ ನೆಲದ ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ, ಮೋಡ ಇದ್ದರೆ ಇಲ್ಲೇ ಉಳಿಯುತ್ತದೆ ಎಂದು ಪಾಠದಲ್ಲಿ ಇರುವುದನ್ನು ಅವತ್ತು ಯಾರಿಗೂ ವಿವರಿಸಬೇಕಾಗಲಿಲ್ಲ. ಒಬ್ಬಳು ಬರೆದಿದ್ದಳು: "ಇವತ್ತು ಫ್ಯಾನ್ ಹಾಕಿದೆವು. ಅಮ್ಮ ಹೇಳಿದರು ಇದು ಒಳ್ಳೆಯದಕ್ಕಲ್ಲ."

ಆಗಿದ್ದು ಇಷ್ಟು. ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಬಲ ಕಳೆದುಕೊಂಡು, ತಮಿಳುನಾಡಿನ ಒಳಭಾಗ ದಾಟಿ ನಮ್ಮ ಕಡೆಗೆ ಬಂತು. ಮೂರನೆಯ ತಾರೀಕಿಗೆ ಅದರ ಉಳಿಕೆ ಉತ್ತರ ಕೇರಳ ಮತ್ತು ಕರ್ನಾಟಕದ ಕರಾವಳಿಯಾಚೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ನಮ್ಮ ಮಕ್ಕಳಿಗೆ ಮಳೆ ಎಂದರೆ ಪಡುವಣ ಕಡಲಿನಿಂದ ಬರುವಂಥದ್ದು. ಈ ಸಲ ಅದು ಬೆನ್ನ ಹಿಂದಿನಿಂದ, ಘಟ್ಟ ದಾಟಿ ಬಂತು.

ಸೋಮವಾರ ಮಧ್ಯಾಹ್ನದ ಮೇಲೆ ಫೋನುಗಳಲ್ಲಿ ಎಚ್ಚರಿಕೆ ಓಡಾಡತೊಡಗಿತು. ಎಲ್ಲವೂ ಮಲೆಯಾಳದಲ್ಲಿ. ನ್ಯೂನಮರ್ದಂ, ಅತಿಶಕ್ತಮಾಯ ಮಳ, ಜಾಗ್ರತಾ ನಿರ್ದೇಶಂ. ಕೇಳಿದರೆ ನಮ್ಮವರಿಗೆ ಅರ್ಥ ಆಗದೆ ಇರುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಮಲೆಯಾಳ ಕೇಳಿಯೇ ಬೆಳೆದವರು. ಆದರೆ ಅಕ್ಷರ? ನಲವತ್ತು ದಾಟಿದ, ಕನ್ನಡ ಶಾಲೆಯಲ್ಲಿ ಓದಿದ ಅಪ್ಪ ಅಮ್ಮಂದಿರಲ್ಲಿ ತುಂಬ ಜನರಿಗೆ ಮಲೆಯಾಳ ಅಕ್ಷರ ಎಂದರೆ ಬರೀ ಸುರುಳಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಕಾಗದದಲ್ಲಿ ಇದೆ, ಕನ್ನಡದಲ್ಲೂ ತಿಳಿಸಬೇಕು ಎಂದೂ ಇದೆ. ಆ ಜಗಳ ಹಳೆಯದು. ಇಲ್ಲಿ ಬಿಚ್ಚಿದರೆ ಮುಗಿಯುವುದಿಲ್ಲ. ಇನ್ನೊಂದು ತಮಾಷೆ ಏನೆಂದರೆ, ಕನ್ನಡದಲ್ಲಿ ನಮಗೆ ಮೊದಲು ತಲುಪುವುದು ಮಂಗಳೂರಿನ ಕಡೆಯ ಆದೇಶ. ಅದು ನಮಗೆ ಅನ್ವಯಿಸುವುದಿಲ್ಲ. ಪ್ರತಿ ಮಳೆಗಾಲದಲ್ಲೂ "ಸರ್, ರಜೆಯಾ?" ಎಂಬ ಫೋನುಗಳು ಬರುವುದು ಇದರಿಂದಲೇ.

ಅವತ್ತು ಸಂಜೆ ಆರೂವರೆಗೆ ಒಂದು ಫೋನು ಬಂತು. ಏಳನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ. ಮೊಮ್ಮಗಳು ಕನ್ನಡದ ಒಂದು ಸುದ್ದಿಯನ್ನು ಜೋರಾಗಿ ಓದಿ ಹೇಳಿದ್ದಾಳೆ: ವಾಯುಭಾರ ಕುಸಿತ, ಕಾಸರಗೋಡಿಗೆ ಎಚ್ಚರಿಕೆ.

"ಎಂತ ಕುಸಿಯುವುದು ಮಾಷ್ಟ್ರೆ? ಗುಡ್ಡೆಯಾ?"

ನಗು ಬರುವ ಪ್ರಶ್ನೆ ಅಂತ ನಿಮಗೆ ಅನಿಸಬಹುದು. ಅವರ ಮನೆ ಇರುವುದು ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ ತಟ್ಟಿನಲ್ಲಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಗಿ ಆಗ ನಾಲ್ಕು ತಿಂಗಳು ಕಳೆದಿತ್ತಷ್ಟೇ, ಇನ್ನೂ ಹಸಿ ನೆನಪು (ಜುಲೈ 30ರ ಬೆಳಗಿನ ಜಾವ ಆದದ್ದು). ಆ ಮೇಲೆ ನಮ್ಮಲ್ಲಿ ಕುಸಿತ ಎಂಬ ಶಬ್ದಕ್ಕೆ ಒಂದೇ ಅರ್ಥ. ಅಜ್ಜಿ ಮನೆಯ ದಾಖಲೆಪತ್ರ, ಎರಡು ಸೀರೆ ಕಟ್ಟಿಟ್ಟು ಹೊರಡಲು ತಯಾರಾಗಿ ನಿಂತಿದ್ದರು. ಅಂಗಳದ ಅಡಿಕೆಯ ನೆನಪು ಯಾರಿಗೂ ಇರಲಿಲ್ಲ.

"ಇಲ್ಲ ಅಮ್ಮ, ಗುಡ್ಡೆ ಅಲ್ಲ. ದೊಡ್ಡ ಮಳೆ ಬರ್ತದೆ ಅಂತ ಹೇಳುವುದು. ಇವತ್ತು ರಾತ್ರಿಯೇ ಬರ್ತದೆ."

"ಅಷ್ಟು ಹೇಳಿದ್ರೆ ಸಾಕಿತ್ತಲ್ಲ ಅವರು" ಎಂದರು ಅಜ್ಜಿ.

ನನಗೂ ಹಾಗೇ ಅನಿಸಿತು. ವಾಯುಭಾರ ಕುಸಿತ ಎನ್ನುವುದು ಒಳ್ಳೆಯ ಶಬ್ದವೇ, ತರಗತಿಯಲ್ಲಿ ನಾನೇ ಕಲಿಸುತ್ತೇನೆ. ಗಾಳಿಯ ಒತ್ತಡ ಒಂದು ಕಡೆ ಕಡಿಮೆಯಾದಾಗ ಸುತ್ತಲಿನ ಗಾಳಿ ತೇವ ಹೊತ್ತುಕೊಂಡು ಅಲ್ಲಿಗೆ ನುಗ್ಗುತ್ತದೆ, ಮೇಲೇರುತ್ತದೆ, ತಣಿದು ಮಳೆಯಾಗುತ್ತದೆ. ಆದರೆ ಸಂಜೆ ಆರೂವರೆಗೆ, ಗುಡ್ಡೆಯ ಬುಡದಲ್ಲಿ ಕೂತ ಅಜ್ಜಿಗೆ ಈ ಪಾಠದಿಂದ ಏನು? ಮಲೆಯಾಳದ ನ್ಯೂನಮರ್ದಂ ಎಷ್ಟು ದೂರವೋ ನಮ್ಮ ಪತ್ರಿಕೆಯ ಕನ್ನಡವೂ ಅಷ್ಟೇ ದೂರ. ಬಣ್ಣಗಳ ಕಥೆಯೂ ಹಾಗೆಯೇ. ಇಪ್ಪತ್ತನಾಲ್ಕು ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ವರೆಗೆ ಬೀಳಬಹುದು ಎಂದಾದರೆ ಕಿತ್ತಳೆ, ಅದಕ್ಕೂ ಮೇಲಾದರೆ ಕೆಂಪು. ಕೆಂಪು ಎಂದರೆ ಏನು ಮಾಡಬೇಕು ಎಂದು ಕೇಳಿದರೆ ನಮ್ಮ ಮಕ್ಕಳ ಉತ್ತರ: "ಶಾಲೆಗೆ ರಜೆ."

ತರಗತಿಯ ವಾಟ್ಸಾಪ್ ಗುಂಪಿಗೆ ನಾನು ಬರೆಯಲಿಲ್ಲ, ಧ್ವನಿಯಲ್ಲೇ ಹೇಳಿದೆ, ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ. ಇವತ್ತು ರಾತ್ರಿ ದೊಡ್ಡ ಮಳೆ. ಅಂಗಳದ ಅಡಿಕೆ ಈಗಲೇ ಒಳಗೆ ಹಾಕಿ. ಗುಡ್ಡೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಬೆಳಿಗ್ಗೆ ತೋಡು ದಾಟಲು ಹೋಗಬೇಡಿ, ಸಂಕ ನಂಬಬೇಡಿ. ನಾಲ್ಕು ಮಾತು, ಅಷ್ಟೇ. ಅರ್ಧ ಗಂಟೆಯಲ್ಲಿ ಅದು ಯಾವ್ಯಾವುದೋ ಗುಂಪು ಸುತ್ತಿ, ನನ್ನ ಹೆಂಡತಿಯ ಫೋನಿಗೇ ಅವಳ ಚಿಕ್ಕಮ್ಮನಿಂದ ಬಂತು. "ಇದ್ಯಾರೋ ನಿಮ್ಮ ಹಾಗೆ ಮಾತಾಡ್ತಾರೆ" ಅಂತ ಅವಳು!

ರಾತ್ರಿಯ ಮಳೆಯನ್ನು ಹೇಗೆ ಹೇಳುವುದು? ಆಟಿಯ ಮಳೆಗೆ ಒಂದು ಲಯ ಉಂಟು, ಬಂದು ಹೋಗಿ ಮಾಡುತ್ತದೆ. ಇದು ನಿಲ್ಲಲೇ ಇಲ್ಲ. ಉಪ್ಪಳ, ಮಂಜೇಶ್ವರದ ಸುತ್ತ ಸುರಿದದ್ದು ಡಿಸೆಂಬರಿನಲ್ಲಿ ಕಂಡು ಕೇಳದ ಮಳೆ. ಮಂಗಳವಾರ ರಜೆ. ಎದ್ದು ನೋಡಿದರೆ ತೋಡಿನ ನೀರು ತೋಟದ ಒಳಗೆ. ಸುಗ್ಗಿ ಬೆಳೆಗೆ ನೆಟ್ಟ ಗದ್ದೆ ಕೆರೆಯಂತೆ. ಅದೇ ಹುಡುಗಿಯ ಡಬ್ಬಿ ಹದಿನೈದು ಸೆಂಟಿಮೀಟರ್ ಎತ್ತರದ್ದು. ಅವಳ ಪುಸ್ತಕದಲ್ಲಿ ಹೀಗಿದೆ: "ತುಂಬಿ ಹೊರಗೆ ಹೋಗಿದೆ. ಎಷ್ಟು ಎಂದು ಹೇಳಲು ಆಗುವುದಿಲ್ಲ. 150ಕ್ಕಿಂತ ಹೆಚ್ಚು." ವಿಜ್ಞಾನಿ ಬರೆದರೂ ಇದಕ್ಕಿಂತ ಸರಿಯಾಗಿ ಬರೆಯಲಾರ.

ಅವರ ಮನೆಯ ಅಡಿಕೆ ಉಳಿಯಿತು. ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಬ್ಯಾರಿಗಳ ಮನೆಯ ಇಬ್ಬರು ಹುಡುಗರು ಸೇರಿ ರಾತ್ರಿ ಒಂಬತ್ತರ ತನಕ ಬುಟ್ಟಿಯಲ್ಲಿ ಹೊತ್ತು ನಡುಮನೆಗೆ ಸುರಿದರಂತೆ. ಮಲಗಲು ಜಾಗ ಇರಲಿಲ್ಲ. ಹುಡುಗಿ ಅಡಿಕೆ ರಾಶಿಗೆ ಒರಗಿ ನಿದ್ದೆ ಮಾಡಿದಳಂತೆ.

ಇನ್ನೊಬ್ಬ ಹುಡುಗನ ಮನೆಯಲ್ಲಿ ಹಾಗಾಗಲಿಲ್ಲ. ಅವನ ಅಪ್ಪನಿಗೆ ಮಂಗಳೂರಿನಲ್ಲಿ ಕೆಲಸ, ಸೋಮವಾರ ಹೋದರೆ ಶನಿವಾರ ಬರುವುದು. ಅಮ್ಮನ ಫೋನು ಚಾರ್ಜ್ ಇಲ್ಲದೆ ನಿಂತಿತ್ತು. ಮಳೆ ಶುರುವಾದ ಮೇಲೆ ಇಬ್ಬರೂ ಎದ್ದು ಟರ್ಪಾಲು ಹೊದೆಸಿ, ಅಂಚಿಗೆ ಕಲ್ಲು ಇಟ್ಟರು. ಮೇಲಿನಿಂದ ಒಂದು ಹನಿಯೂ ಬೀಳಲಿಲ್ಲ. ನೀರು ಬಂದದ್ದು ಕೆಳಗಿನಿಂದ. ಗುಡ್ಡೆಯಿಂದ ಇಳಿದ ನೀರು ಅಂಗಳಕ್ಕೆ ನುಗ್ಗಿ ಟರ್ಪಾಲಿನ ಅಡಿಯಲ್ಲೇ ಹರಿಯಿತು. ಒಣಗುತ್ತಾ ಬಂದ ಅಡಿಕೆ ನೀರಿನಲ್ಲಿ ತೇಲುತ್ತದೆ ನೋಡಿ. ಬೆಳಿಗ್ಗೆ ಅರ್ಧದಷ್ಟು ಅಡಿಕೆ ತೋಡಿನ ಬದಿಯ ಮುಂಡಕನ ಪೊದೆಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಬುಧವಾರ ಅವನು ಶಾಲೆಗೆ ಬರಲಿಲ್ಲ. ಗುರುವಾರ ಬಂದ. ಹಾಜರಿ ಕರೆಯುವಾಗ ನಾನು ಕಾರಣ ಕೇಳಲಿಲ್ಲ, ಕೈ ನೋಡಿದರೆ ಸಾಕಿತ್ತು. ಬೆರಳೆಲ್ಲ ಮುಳ್ಳಿನ ಗೀರು. ಹವಾಮಾನದ ಪುಸ್ತಕದಲ್ಲಿ ಮಂಗಳವಾರದ ಮಳೆಯ ಜಾಗ ಖಾಲಿ. "ಡಬ್ಬಿಯೂ ಹೋಯ್ತು ಸರ್" ಎಂದ. ಕ್ರಿಸ್‌ಮಸ್ ಪರೀಕ್ಷೆ ಹತ್ತಿರ ಬಂದಿತ್ತು, ಅದರ ಬಗ್ಗೆ ಏನೂ ಹೇಳಲು ನನಗೆ ಮನಸ್ಸಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಆ ಹುಡುಗಿ ಅವನಿಗೆ ತನ್ನ ಅಪ್ಪನ ಉಪಾಯ ಹೇಳಿಕೊಡುತ್ತಿದ್ದಳು. ನೆನೆದ ಅಡಿಕೆಯನ್ನು ರಾಶಿ ಹಾಕಬಾರದು, ತೆಳ್ಳಗೆ ಹರಡಬೇಕು, ಬಿಸಿಲು ಇಲ್ಲದಿದ್ದರೆ ಅಟ್ಟದ ಮೇಲೆ ಹಾಕಿ ಕೆಳಗೆ ಹೊಗೆ ಕೊಡಬೇಕು.

ಶುಕ್ರವಾರ ಬೆಳಿಗ್ಗೆ ಊರು ತುಂಬ ಮಂಜು. ನೆಲ ಒದ್ದೆ, ಆಕಾಶ ತೆರವು, ಗಾಳಿ ಇಲ್ಲ. ಮಂಜು ಹುಟ್ಟಲು ಇನ್ನೇನು ಬೇಕು? ಬಸ್ಸುಗಳು ದೀಪ ಹಾಕಿಕೊಂಡು ಬಂದವು, ಮಕ್ಕಳಿಗೆ ಭಾರೀ ಖುಷಿ. ದೊಡ್ಡವರಿಗೆ ಗೇರುಮರದ ಚಿಂತೆ. ಚಿಗುರಿ ಹೂ ಬಿಡುವ ಹೊತ್ತಿನಲ್ಲಿ ಮಳೆ ಮೋಡ ಬಂದರೆ ಹೂ ಕರಟುತ್ತದೆ, ಟೀ ಸೊಳ್ಳೆಯ ಕಾಟವೂ ಹೆಚ್ಚು. ಬೇಗ ಹೂ ಬಿಟ್ಟ ಮಾವಿಗೂ ಇದೇ ಗತಿ. ಶನಿವಾರ ಮೂಡಿನ ಗಾಳಿ ಮರಳಿ ಬಂತು, ಜಗಲಿಯ ಮಾಪಕದಲ್ಲಿ 22. ಸೋಮವಾರ ಅದೇ ಹೊತ್ತಿಗೆ 25 ಇತ್ತು.

ಮುಂದಿನ ವಾರ ಪುಸ್ತಕಗಳನ್ನು ತರಿಸಿ ನೋಡಿದೆ. ನಾನು ಗೆರೆ ಎಳೆದು ಕೊಟ್ಟದ್ದು ನಾಲ್ಕು ಅಂಕಣ: ತಾರೀಕು, ಉಷ್ಣತೆ, ಆಕಾಶ, ಮಳೆ. ಆ ಹುಡುಗ ಸ್ಕೇಲ್ ಇಟ್ಟು ಐದನೆಯದೊಂದನ್ನು ತಾನೇ ಸೇರಿಸಿದ್ದ. ತಲೆಬರಹ: "ಅಡಿಕೆ ಎಲ್ಲಿ ಉಂಟು". ಅದರ ಕೆಳಗೆ ಪ್ರತಿದಿನದ ಎದುರು ಒಂದೇ ಶಬ್ದ, ಅಂಗಳ ಅಥವಾ ಒಳಗೆ. ಈಗ ತರಗತಿಯ ಎಲ್ಲರ ಪುಸ್ತಕದಲ್ಲೂ ಐದು ಅಂಕಣ.