ಲೀಟರಿಗೆ ಎಷ್ಟು?

ನನ್ನ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರ್ ಎಂದರೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರು ನಗುತ್ತಾರೆ. ನಗಲಿ. ವಂಶಾವಳಿ ನನ್ನ ಕಡೆಗಿದೆ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಗೆರೆ ಎಳೆದ ಕಾರು ಇದು. ಇದರ ಚಾಸಿಯನ್ನೇ ಮೊಟಕು ಮಾಡಿ 1962ರಲ್ಲಿ ಇಂಗ್ಲೆಂಡಿನವರು ಸ್ಪಿಟ್‌ಫೈರ್ ಎಂಬ ಎರಡೇ ಸೀಟಿನ ಕಾರು ಹೊರಡಿಸಿದರು. ಸ್ಪಿಟ್‌ಫೈರ್‌ಗೆ ಹೆರಾಲ್ಡ್ ಸ್ವಂತ ಅಕ್ಕ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇದನ್ನು ನಮ್ಮಲ್ಲೇ ತಯಾರಿಸಿತು. 948 ಸಿಸಿ ಎಂಜಿನ್, ಅತಿ ಚಿಕ್ಕ ಸುತ್ತಿನಲ್ಲಿ ತಿರುಗುವ ಮುಂಚಕ್ರ. ಓಟದಲ್ಲಿ ತಂಗಿಯ ಹತ್ತಿರ ಸುಳಿಯುವುದಿಲ್ಲ, ನಿಜ. ಕುಡಿಯುವುದರಲ್ಲಿ ಮಾತ್ರ ಅಕ್ಕನೇ ಮುಂದು.

ಲೀಟರಿಗೆ ಎಂಟು ಕಿಲೋಮೀಟರ್ ಕೊಡುತ್ತಿತ್ತು. ಬಂಗಾರಪೇಟೆಗೆ ಹೋಗಿ, ಆ ತಿಳಿನೀರಿನ ಪಾನಿಪುರಿ ತಿಂದು ಬಂದರೆ ಪುರಿಗಿಂತ ಪೆಟ್ರೋಲಿನ ಬಿಲ್ಲೇ ಖಾರ. ‘ರೈಲಿಗೆ ಹೋಗೋಣ ರೀ’ ಎಂದು ಮನೆಯವಳು ಹೇಳುತ್ತಲೇ ಇದ್ದಳು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲುದಾರಿ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. ಅಷ್ಟು ಹಳೆಯ ಏರ್ಪಾಡಿನ ಎದುರು ನನ್ನ ವಾದ ನಿಲ್ಲುತ್ತಿರಲಿಲ್ಲ.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಮೂರು ಭಾಷೆಗಳಲ್ಲಿ ಬಂದವು. ಕಾರ್ಬುರೇಟರ್ ಬದಲಾಯಿಸಿ ಎಂದರು ಕನ್ನಡದವರು, ಎಂಜಿನ್ನೇ ಬದಲಾಯಿಸಿ ಎಂದರು ತೆಲುಗಿನವರು, ಕಾರನ್ನೇ ಬದಲಾಯಿಸಿ ಎಂದರು ತಮಿಳಿನವರು. ಆಂಡರ್ಸನ್‌ಪೇಟೆಯ ಮೇಸ್ತ್ರಿ ಒಬ್ಬರೇ ಏನೂ ಹೇಳದೆ, ‘ತಳ್ಳಿ ಸಾರ್’ ಎಂದರು.

ತಳ್ಳಿದೆ. ನ್ಯೂಟ್ರಲ್‌ನಲ್ಲಿದ್ದ ಕಾರು, ಒಳಗೆ ಯಾರೋ ದೊಡ್ಡ ಮನುಷ್ಯರು ಕೂತಿದ್ದಾರೇನೋ ಎನ್ನುವ ಹಾಗೆ ಭಾರವಾಗಿ ಮಿಸುಕಿತು. ಮೇಸ್ತ್ರಿ ಹಿಂದಿನ ಎಡಚಕ್ರ ಮುಟ್ಟಿ ಕೈ ಒದರಿಕೊಂಡರು. ಡ್ರಮ್ ಸುಡುತ್ತಿತ್ತು. ಬ್ರೇಕ್ ಬಿಟ್ಟರೂ ಶೂ ಬಿಡುತ್ತಿರಲಿಲ್ಲ. ‘ಒಂದು ಕಾಲಲ್ಲಿ ಓಡ್ತಾ, ಇನ್ನೊಂದು ಕಾಲು ಎಳ್ಕೊಂಡು ಬರ್ತಾ ಇದೆ ಪಾಪ. ಮೈಲೇಜ್ ಎಲ್ಲಿಂದ ಬರ್ಬೇಕು?’

ಆಮೇಲೆ ಬಾನೆಟ್. ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ನಿನ ಜೊತೆ ಮಾತಾಡಬಹುದು. ಈಗಿನ ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳ ಕಂಡು ಕೈಮುಗಿದು ಬರಬೇಕು, ಅಷ್ಟೆ. ಮೇಸ್ತ್ರಿ ಟೈರಿನ ಮೇಲೆ ಕೂತು ಪ್ಲಗ್ ಬಿಚ್ಚಿದರು. ಕಾಡಿಗೆಯ ಕಪ್ಪು. ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ ಎಂದರ್ಥ. ಪ್ಲಗ್ ಸರಿಯಿದ್ದರೆ ತಿಳಿಗಂದು ಬಣ್ಣಕ್ಕಿರುತ್ತದೆ. ಏರ್ ಫಿಲ್ಟರ್ ತಟ್ಟಿದಾಗ ನುಣ್ಣನೆಯ ಪುಡಿ ಉದುರಿತು. ಊರಿನ ಸುತ್ತ ಚಿನ್ನದ ಗಣಿಗಳು ಬಿಟ್ಟುಹೋದ ಸೈನೈಡ್ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿದ ಅರೆದ ಕಲ್ಲಿದೆ. ಗಾಳಿಯ ತಿಂಗಳಲ್ಲಿ ಅದು ಅನ್ನಕ್ಕೂ ಬರುತ್ತದೆ, ಫಿಲ್ಟರಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಚೋಕ್ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಂತಿತ್ತು. ಬೆಳಿಗ್ಗೆ ಚಳಿಗೆಂದು ಎಳೆದದ್ದು ಮಧ್ಯಾಹ್ನದ ಬಿಸಿಲಿನಲ್ಲೂ ಎಳೆದೇ ಇರುತ್ತಿತ್ತು. ಥರ್ಮೋಸ್ಟಾಟ್ ಇರಲೇ ಇಲ್ಲ. ನೀರು ಕುದಿಯುತ್ತದೆಂಬ ಭಯಕ್ಕೆ ಅದನ್ನು ಕಿತ್ತೆಸೆಯುವುದು ನಮ್ಮ ಕಡೆಯ ಹಳೆಯ ವೈದ್ಯ. ಅದಿಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ, ತಣ್ಣಗಿನ ಎಂಜಿನ್ನಿಗೆ ಹಸಿವು ಹೆಚ್ಚು. ಕೆಜಿಎಫ್ ಹವೆ ತಮ್ಮೂರಿನ ಹಾಗಿದೆ ಎಂದು ಬ್ರಿಟಿಷರಿಗೆ ಈ ಊರು ‘ಲಿಟಲ್ ಇಂಗ್ಲೆಂಡ್’ ಆಗಿತ್ತು. ನನ್ನ ಕಾರೂ ಅದನ್ನೇ ನಂಬಿಕೊಂಡು ಚಳಿಗೆ ಕುಡಿಯುತ್ತಿತ್ತು.

ರಿಪೇರಿ ನಡೆಯುವಾಗ ಮೇಸ್ತ್ರಿ ಅವರ ಅಪ್ಪನ ಮಾತು ತೆಗೆದರು. ಚಾಂಪಿಯನ್ ರೀಫ್‌ನಲ್ಲಿ ಕೆಲಸ. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ‘ಅಲ್ಲೂ ಇದೇ ಲೆಕ್ಕ ಸಾರ್. ಟನ್ನಿಗೆ ಎಷ್ಟು ಗ್ರಾಂ?’ ಮೊದಮೊದಲು ಟನ್ ಕಲ್ಲಿಗೆ 40 ಗ್ರಾಂ ದಾಟುತ್ತಿದ್ದ ಚಿನ್ನ ಕೊನೆಕೊನೆಗೆ ಮೂರ್ನಾಲ್ಕು ಗ್ರಾಮಿಗೆ ಇಳಿದಿತ್ತು. ಆಳಕ್ಕೆ ಹೋದಷ್ಟೂ ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಮೇಸ್ತ್ರಿಯ ಮಕ್ಕಳಿಬ್ಬರೂ ಈಗ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮಲಗಲು ಬರುತ್ತಾರೆ. ‘ಅಪ್ಪ ಕೆಳಗಿಳಿದ್ರೂ ಸಾಯಂಕಾಲ ಮನೇಲಿ ಕಾಫಿಗೆ ಇರ್ತಿದ್ರು’ ಎಂದು ಸ್ಪ್ಯಾನರ್ ಒರೆಸಿದರು.

ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಂಡು, ಬಂಗಾರಪೇಟೆ, ಬೂದಿಕೋಟೆ ಎಲ್ಲ ಸುತ್ತಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಲೆಕ್ಕ ಹಾಕಿದೆ. ಹನ್ನೆರಡು! ಸ್ವೀಟ್ ಡಬ್ಬಿ ಹಿಡಿದು ಆಂಡರ್ಸನ್‌ಪೇಟೆಗೆ ಓಡಿದೆ. ಮೇಸ್ತ್ರಿ ಮೈಸೂರುಪಾಕು ಬಾಯಿಗಿಟ್ಟುಕೊಂಡರು, ಮುಖ ಮಾತ್ರ ಅರಳಲಿಲ್ಲ.

‘ಇನ್ನೊಂದು ಬರ್ಬೇಕು ಸಾರ್.’

‘ಸಾಕು ಬಿಡಿ ಮೇಸ್ತ್ರಿ, ಅದಕ್ಕೂ ವಯಸ್ಸಾಯ್ತು.’

‘ಆ ಸೈನೈಡ್ ಗುಡ್ಡದಲ್ಲಿ ಟನ್ನಿಗೆ ಒಂದು ಗ್ರಾಮೂ ಇಲ್ಲ. ಅದನ್ನೇ ಮತ್ತೆ ಸೋಸ್ಬೇಕು ಅಂತ ಮಾತಾಡ್ತಾರೆ. ನಮಗೆ ಒಂದು ಕಿಲೋಮೀಟರ್ ಸಿಗಲ್ವಾ? ಡಿಸ್ಟ್ರಿಬ್ಯೂಟರ್ ನೋಡೇ ಇಲ್ಲ ಇನ್ನೂ. ಕೀ ಕೊಡಿ, ಆಟೋದಲ್ಲಿ ಮನೆಗೆ ಹೋಗಿ.’